8.15ರ ಬಸ್ಸು, 9.05ರ ಬಸ್ಸು: ಒಬ್ಬ ಬಿ.ಎಡ್. ವಿದ್ಯಾರ್ಥಿನಿಯ ಪ್ರಕರಣ

ಬಿ.ಎಡ್. ಓದುವವರಿಂದ ನಾವು ಒಂದು ಪ್ರಕರಣ ಅಧ್ಯಯನ ಬರೆಸುತ್ತೇವೆ. ಶಾಲೆಯ ಒಂದು ಮಗುವನ್ನು ಆರಿಸಿಕೊಂಡು, ಅದರ ಮನೆ, ಆರೋಗ್ಯ, ಕಲಿಕೆ ಎಲ್ಲ ನೋಡಿ, ತೊಂದರೆ ಏನು, ಕಾರಣ ಏನು ಅಂತ ರೆಕಾರ್ಡ್ ಮಾಡಬೇಕು. ಬಹಳ ಜನ ಹಿಂದಿನ ವರ್ಷದವರ ರೆಕಾರ್ಡ್ ತಂದು ಹೆಸರು ಬದಲಿಸುತ್ತಾರೆ. ನಮಗೂ ಗೊತ್ತಾಗುತ್ತದೆ. ಸುಮ್ನೆ ಸಹಿ ಹಾಕುತ್ತೇವೆ.

ಕಳೆದ ನವೆಂಬರಿನಲ್ಲಿ ತಿದ್ದಲು ಕೂತಾಗ ಒಂದು ರೆಕಾರ್ಡ್ ಮಾತ್ರ ಬೇರೆ ಥರ ಇತ್ತು. ಐದನೇ ಕ್ಲಾಸಿನ ಹುಡುಗನೊಬ್ಬ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾನೆ. ಮೇಷ್ಟ್ರು ಸೋಮಾರಿ ಅನ್ನುತ್ತಾರೆ. ರೆಕಾರ್ಡ್ ಬರೆದವಳು ಅವನ ಬೆರಳು ನೋಡಿದ್ದಾಳೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಹಸಿ ಅಡಿಕೆ ಸುಲಿದರೆ ಹತ್ತುವ ಕಪ್ಪು ಅದು, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮನೆಗೆ ಹೋಗಿ ವಿಚಾರಿಸಿದರೆ, ಹುಡುಗ ಅಜ್ಜಿ ಜೊತೆ ರಾತ್ರಿ ಹನ್ನೊಂದರ ತನಕ ಸುಲಿಯಲು ಕೂರುತ್ತಾನೆ. ಅವಳ ಶಿಫಾರಸು ಒಂದೇ ಸಾಲು: ‘ಕೊಯ್ಲು ಮುಗಿಯುವ ತನಕ ಇವನಿಗೆ ಮೊದಲ ಪೀರಿಯಡ್‌ನಲ್ಲಿ ಗಣಿತ ಬೇಡ.’

ಇದನ್ನು ಬರೆದವಳು ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ತಡ ಮಾಡಿ ಬರುವವಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ಕೆಂಪು ಗುರುತು ಇದ್ದವು. ಒಂಬತ್ತೂ ನಾನೇ ಹಾಕಿದ್ದು. ಅವಳು ಒಂದು ಮಗುವಿನ ಬೆರಳು ನೋಡಿದ್ದಳು. ನಾನು ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಈ ಬರಹ ಅಲ್ಲಿಂದ ಶುರುವಾಯಿತು. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಯಾವುದನ್ನೂ ಹೇಳುವುದಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಆಸುಪಾಸು, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಮನೆ. ಅಷ್ಟು ಸಾಕು.

ವಯಸ್ಸು 27. ಬಿ.ಎ. ಮುಗಿದ ವರ್ಷವೇ ಮದುವೆ. ದೊಡ್ಡವಳಿಗೆ 6 ವರ್ಷ, ಊರಿನ ಶಾಲೆಯಲ್ಲಿ ಒಂದನೇ ಕ್ಲಾಸು. ಚಿಕ್ಕವನಿಗೆ ಮೂರೂವರೆ, ಅಂಗನವಾಡಿಗೆ ಹೋಗುತ್ತಾನೆ. ಈಗ ಮೂರನೆಯದಕ್ಕೆ ಏಳು ತಿಂಗಳ ಬಸುರಿ. ಗಂಡ ಕೊಯ್ಲಿನ ಕಾಲದಲ್ಲಿ ಬೇರೆಯವರ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಹೋಗುತ್ತಾನೆ. ಸ್ವಂತಕ್ಕೆ ಅರ್ಧ ಎಕರೆ ಅಡಿಕೆ, ಒಂದು ಕರೆಯುವ ಹಸು. ಅತ್ತೆ ಇದ್ದಾರೆ. ಮಾವ ಇಲ್ಲ. ಊರಿನ ಶಾಲೆಯಲ್ಲಿ ಒಂದು ವರ್ಷ ಅತಿಥಿ ಶಿಕ್ಷಕಿಯಾಗಿದ್ದಳು. ಬಿ.ಎಡ್. ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾದರೆ ಪೂರ್ತಿ ಕೆಲಸಕ್ಕೆ ಅರ್ಜಿ ಹಾಕಬಹುದು ಅಂತ ಸೇರಿಕೊಂಡಳು. ಸೇರಿ ಎರಡು ವಾರಕ್ಕೆ ಗರ್ಭಿಣಿ ಅಂತ ಗೊತ್ತಾಯಿತು.

ಸ್ಟಾಫ್‌ರೂಮಿನಲ್ಲಿ ಇದರ ಬಗ್ಗೆ ಮಾತಾಗಿತ್ತು. ‘ಮೂರನೆಯದು ಬೇಕಿತ್ತಾ?’ ಅಂದರು ಒಬ್ಬರು. ‘ಫ್ರೀ ಬಸ್ಸಿಗೆ ಕಾಯ್ತಾಳೆ, ಅದಕ್ಕೇ ತಡ’ ಅಂದರು ಇನ್ನೊಬ್ಬರು. ನಾನು ಎರಡಕ್ಕೂ ತಲೆ ಆಡಿಸಿದ್ದೆ. ಮೊದಲನೆಯದು ನಾವು ಕೇಳುವ ಪ್ರಶ್ನೆಯೇ ಅಲ್ಲ. ಎರಡನೆಯದು ಅರ್ಧ ನಿಜ, ಅದಕ್ಕೇ ನಂಬುವುದು ಸುಲಭವಾಗಿತ್ತು.

ಹಾಜರಿಯ ಲೆಕ್ಕ ಸ್ವಲ್ಪ ಹೇಳಬೇಕು, ಯಾಕೆಂದರೆ ಅವಳ ಕುತ್ತಿಗೆಗೆ ಬಂದದ್ದು ಅದೇ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಬಿ.ಎಡ್. ಎರಡು ವರ್ಷ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ಕ್ಲಾಸು ಮತ್ತು ಪ್ರಾಯೋಗಿಕ ಕೆಲಸಕ್ಕೆ 80 ಪರ್ಸೆಂಟ್ ಹಾಜರಿ ಬೇಕು. ಶಾಲಾ ಇಂಟರ್ನ್‌ಶಿಪ್ಪಿಗೆ 90. ಅಂದರೆ ವರ್ಷಕ್ಕೆ 40 ದಿನ ಮಾತ್ರ ತಪ್ಪಿಸಬಹುದು. ವಾಂತಿಯ ದಿನಗಳು, ಸ್ಕ್ಯಾನಿಂಗು, ತಿಂಗಳ ತಪಾಸಣೆ ಎಲ್ಲ ಸೇರಿ ಆಗಲೇ 15 ದಿನ ಹೋಗಿತ್ತು. ತಡವಾಗಿ ಬಂದರೆ ಅರ್ಧ ದಿನ ಕಟ್, ಇದು ನಮ್ಮ ಕಾಲೇಜಿನದ್ದೇ ರೂಲು. ಒಂಬತ್ತು ಅರ್ಧ ಅಂದರೆ ನಾಲ್ಕೂವರೆ. ಉಳಿದದ್ದು ಇಪ್ಪತ್ತೂವರೆ ದಿನ. ಹೆರಿಗೆ ಫೆಬ್ರವರಿಯಲ್ಲಿ. ಇಪ್ಪತ್ತು ದಿನಕ್ಕೆ ಬಾಣಂತನ ಮುಗಿಸಿ ಬಾ ಅನ್ನಲು ಆಗುತ್ತದಾ?

ಕರೆದು ಕೇಳಿದೆ. ‘ತಡ ಎಂತಕ್ಕೆ ಆಗ್ತದೆ?’ ಅಂದರೆ ‘ಇನ್ಮೇಲೆ ಆಗಲ್ಲ ಮೇಡಂ’ ಅಂದಳು. ಅದು ಉತ್ತರ ಅಲ್ಲ. ‘ಒಂದು ದಿನ ನಿನ್ನ ಜೊತೆ ಬರ್ತೀನಿ’ ಅಂದೆ. ಅವಳಿಗೆ ಗಾಬರಿ. ‘ನಮ್ಮನೇಲಿ ಫ್ಯಾನಿಲ್ಲ ಮೇಡಂ’ ಅಂದಳು. ನವೆಂಬರಿನ ಮಲೆನಾಡಿಗೆ ಫ್ಯಾನು!

ಒಂದು ಗುರುವಾರ ಸಂಜೆ ಹೊರಟೆವು. ಬಸ್ಸು ಗಾಜನೂರು, ಸಕ್ರೆಬೈಲು ದಾಟುವ ಹೊತ್ತಿಗೆ ಕತ್ತಲಾಗಿತ್ತು. ನಿಂತುಕೊಂಡೇ ಬಂದೆವು. ಅವಳಿಗೆ ಯಾರೋ ಒಬ್ಬ ಹುಡುಗ ಅರ್ಧ ದಾರಿಯಲ್ಲಿ ಸೀಟು ಕೊಟ್ಟ. ಇಳಿದು ಟಾರ್ಚ್ ಹಿಡಿದು ಎರಡು ಕಿಲೋಮೀಟರ್. ನಡುವೆ ಹಳ್ಳಕ್ಕೊಂದು ಕಾಲುಸಂಕ. ‘ಮಳೆಗಾಲದಲ್ಲಿ ಇದ್ರ ಮೇಲೆ ನೀರು ಹತ್ತುತ್ತೆ’ ಅಂತ ಹೇಳಿ, ನನ್ನ ಕೈ ಹಿಡಿದು ಅವಳೇ ದಾಟಿಸಿದಳು. ಏಳು ತಿಂಗಳ ಬಸುರಿ ನನ್ನನ್ನು ದಾಟಿಸಿದ್ದು.

ಊಟ ಆದ ಮೇಲೆ ಅಂಗಳದ ಚಪ್ಪರದಲ್ಲಿ ಅಡಿಕೆ ಸುಲಿಯಲು ಕೂತರು. ಐದಾರು ಹೆಂಗಸರು, ಎಲ್ಲರ ಮುಂದೆ ಮೆಟ್ಟುಗತ್ತಿ. ಮುಯ್ಯಾಳಿನ ಲೆಕ್ಕ, ಇವತ್ತು ಇವರ ಮನೆ, ನಾಳೆ ಇನ್ನೊಬ್ಬರದು. ಕೆಳಗೆ ಕೂತರೆ ಹೊಟ್ಟೆ ಒತ್ತುತ್ತದೆ ಅಂತ ಅವಳು ಎತ್ತರದ ಮಣೆ ಹಾಕಿಕೊಂಡಿದ್ದಳು. ಒಂದು ಕಿವಿಯಲ್ಲಿ ಇಯರ್‌ಫೋನು. ಹಾಡು ಕೇಳುತ್ತಿದ್ದಾಳೆ ಅಂದುಕೊಂಡೆ. ಕೊಟ್ಟಳು, ಕಿವಿಗೆ ಇಟ್ಟುಕೊಂಡೆ. ಅವಳದೇ ಧ್ವನಿ: ‘ಮನಶ್ಶಾಸ್ತ್ರಜ್ಞ ಪಿಯಾಜೆ ಪ್ರಕಾರ ಮಕ್ಕಳ ಬುದ್ಧಿಯ ಬೆಳವಣಿಗೆಗೆ ನಾಲ್ಕು ಹಂತ. ಮೊದಲನೆಯದು ಹುಟ್ಟಿನಿಂದ ಎರಡು ವರ್ಷ...’ ಹಿಂದೆ ಕುಕ್ಕರ್ ಕೂಗುವ ಸದ್ದೂ ರೆಕಾರ್ಡ್ ಆಗಿತ್ತು. ಊಟದ ಪೀರಿಯಡ್‌ನಲ್ಲಿ ನೋಟ್ಸ್, ರಾತ್ರಿ ಅಡುಗೆ ಮಾಡುತ್ತ ಅದನ್ನು ಓದಿ ಫೋನಿಗೆ ತುಂಬುವುದು, ಮರುದಿನ ಸುಲಿಯುತ್ತ ಕೇಳುವುದು. ನನ್ನ ಪಾಠಕ್ಕಿಂತ ಅವಳ ಪಾಠ ಚೆನ್ನಾಗಿತ್ತು. ಉದಾಹರಣೆ ಅವಳದೇ. ಚಿಕ್ಕವನ ಮುಂದೆ ಒಂದು ಗಿಡ್ಡ ಲೋಟ, ಒಂದು ಉದ್ದ ಲೋಟ ಇಟ್ಟು ಅದೇ ಹಾಲನ್ನು ಆಚೆ ಈಚೆ ಹಾಕಿದ್ದಾಳೆ. ಅವನು ಪ್ರತಿ ಸಲವೂ ಉದ್ದ ಲೋಟದಲ್ಲೇ ಜಾಸ್ತಿ ಇದೆ ಅಂತ ಹಟ. ದೊಡ್ಡವಳಿಗೆ ಅನುಮಾನ ಶುರುವಾಗಿದೆಯಂತೆ.

ಮಲಗಿದ್ದು ಹತ್ತೂಮುಕ್ಕಾಲಿಗೆ. ಎಡಗಡೆ ಮಗ್ಗುಲಾಗಿ ಮಲಗು ಅಂತ ಆಶಾ ಕಾರ್ಯಕರ್ತೆ ಹೇಳಿದ್ದಾರೆ. ಆದರೆ ಬಲಗಡೆ ಮಲಗುವವನು ಚಿಕ್ಕವನು. ಅಮ್ಮನ ಬೆನ್ನು ಕಂಡರೆ ಅವನು ಅಳುತ್ತಾನೆ. ಎಡಗಡೆ ಗೋಡೆ. ರಾತ್ರಿ ಎರಡು ಸಲ ಅವಳು ಎದ್ದು ಹೊರಗೆ ಹೋದದ್ದು ನನಗೆ ಕೇಳಿಸಿತು.

ನಾಲ್ಕೂವರೆಗೆ ಬಚ್ಚಲೊಲೆಗೆ ಬೆಂಕಿ. ಹಂಡೆ ನೀರು ಕಾಯಲು ಇಪ್ಪತ್ತು ಇಪ್ಪತ್ತೈದು ನಿಮಿಷ. ಆ ಹೊತ್ತು ಒಲೆಯ ಮುಂದೆ ಪುಸ್ತಕ ಹಿಡಿದು ಕೂರುತ್ತಾಳೆ. ಇಡೀ ದಿನದಲ್ಲಿ ಅವಳನ್ನು ಯಾರೂ ಕರೆಯದ ಸಮಯ ಇದೊಂದೇ. ನಾನೂ ಹೋಗಿ ಪಕ್ಕ ಕೂತು ಅದನ್ನೂ ಕೆಡಿಸಿದೆ.

ಆಮೇಲೆ ಓಟ. ಗಂಡನ ಬುತ್ತಿ ಆರೂಕಾಲಿಗೆ ತಯಾರಿರಬೇಕು. ಅವನು ಕೊನೆ ಕೊಯ್ಯುವ ಫೈಬರ್ ದೋಟಿ ಹೆಗಲಿಗೆ ಹಾಕಿಕೊಂಡು ಹೊರಟ. ಹೋಗುವ ಮೊದಲು ದನಕ್ಕೆ ಹುಲ್ಲು ಹಾಕಿ, ಸಗಣಿ ಬಾಚಿ ಹೋದ. ಎಲ್ಲರೂ ಅಂದುಕೊಳ್ಳುವ ಹಾಗೆ ಕೈಕಟ್ಟಿ ಕೂರುವ ಗಂಡ ಅಲ್ಲ. ಅತ್ತೆ ಹಾಲು ಕರೆದರು. ಇವಳು ನೀರುದೋಸೆ ಎರೆದಳು, ದೊಡ್ಡವಳಿಗೆ ಜಡೆ ಹಾಕಿದಳು, ಚಿಕ್ಕವನ ಹಿಂದೆ ಲೋಟ ಹಿಡಿದು ಅಂಗಳ ಸುತ್ತಿದಳು. ಅಡಿಕೆ ಹಾಳೆಯಲ್ಲಿ ಕತ್ತರಿಸಿಟ್ಟಿದ್ದ ಭಿನ್ನರಾಶಿಯ ಚಕ್ರವನ್ನು ಚೀಲಕ್ಕೆ ಹಾಕಿದಳು. ಅವತ್ತು ಅವಳ ಮೈಕ್ರೋ ಟೀಚಿಂಗ್, ಅಂದರೆ ಕೆಲವೇ ನಿಮಿಷದ ಅಭ್ಯಾಸ ಪಾಠ.

ಏಳೂಮುಕ್ಕಾಲಿಗೆ ಎಲ್ಲ ಮುಗಿದಿತ್ತು. ಬೇಗ ನಡೆದರೆ 8.15ರ ಖಾಸಗಿ ಬಸ್ಸು ಸಿಗುತ್ತದೆ, ಒಂಬತ್ತೂಕಾಲಿಗೆಲ್ಲ ಶಿವಮೊಗ್ಗ. ಕಾಲೇಜು 10ಕ್ಕೆ. ಮತ್ತೆ ಯಾಕೆ ತಡ? ನಾನು ಚಪ್ಪಲಿ ಹಾಕಿಕೊಂಡು ನಿಂತೆ. ಅವಳು ಜಗಲಿಯಲ್ಲಿ ಕೂತಳು.

‘ಹೊರಡೋದಿಲ್ವಾ?’

‘ಅತ್ತೆ ಬರ್ಲಿ ಮೇಡಂ.’

ಅತ್ತೆ ಕ್ಯಾನು ಹಿಡಿದು ಡೇರಿಗೆ ಹೋಗಿದ್ದರು. ಒಂದೂವರೆ ಕಿಲೋಮೀಟರ್ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಫ್ಯಾಟ್ ನೋಡಿಸಿ ಬರೆಸಬೇಕು, ವಾಪಸ್ ಬರಬೇಕು. ಮೊಣಕಾಲು ನೋವು ಬೇರೆ. ಬರುವಾಗ ಎಂಟೂಮುಕ್ಕಾಲು. ಅಂಗನವಾಡಿ ತೆಗೆಯುವುದು ಒಂಬತ್ತೂವರೆಗೆ. ಅಷ್ಟು ಹೊತ್ತು ಚಿಕ್ಕವನನ್ನು ನೋಡುವವರು ಯಾರು? ಮನೆಯ ಹಿಂದೆ ಕೆರೆ ಇದೆ.

ಇಷ್ಟೇ. ನಾವು ಮೂರು ತಿಂಗಳಿಂದ ಹುಡುಕದೇ ಬಿಟ್ಟ ಕಾರಣ ಒಂದು ಹಾಲಿನ ಕ್ಯಾನು.

ಅತ್ತೆ ಬಂದರು, ಇವಳು ಎದ್ದಳು. ಕೆಲವು ದಿನ ಪಕ್ಕದೂರಿನ ಆಟೋ ಸಿಕ್ಕಿ 9.05ರ ಸರ್ಕಾರಿ ಬಸ್ಸು ಹಿಡಿಯುತ್ತಾಳೆ. ಅವತ್ತು ನಾವು ಓಡುನಡಿಗೆಯಲ್ಲಿ ಹೋದೆವು. ಬಸುರಿ ಓಡುನಡಿಗೆ ಹೋಗುವುದನ್ನು ನೋಡುತ್ತ ಹಿಂದೆ ಹೋಗುವುದು ನನಗೆ ಬಹಳ ಕಷ್ಟವಾಯಿತು. ಈ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ನಡೆಯುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಓಡಾಡುವುದು ಖಾಸಗಿ ಬಸ್ಸುಗಳೇ ಜಾಸ್ತಿ, ಅಲ್ಲಿ ಕಾಸು ಕೊಡಲೇಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಇದು ಬೇಗ ಅರ್ಥ ಆಗುವುದಿಲ್ಲ. ಫ್ರೀ ಬಸ್ಸಿನಿಂದ ಅವಳಿಗೆ ದುಡ್ಡು ಉಳಿಯುತ್ತದೆ, ಹೌದು. ಆದರೆ ಅವಳು ಕಾಯುವುದು ದುಡ್ಡಿಗಲ್ಲ.

ಬಸ್ಸು ಹತ್ತುವ ಮೊದಲು ರಸ್ತೆ ಬದಿಯ ಗೂಡಂಗಡಿಯಲ್ಲಿ ಕಾಫಿ ತೆಗೆದುಕೊಂಡೆವು. ಅವಳು ಪರ್ಸಿನಿಂದ ಎರಡು ಮಾತ್ರೆ ತೆಗೆದು ಕಾಫಿಯಲ್ಲೇ ನುಂಗಿದಳು. ಒಂದು ಕಬ್ಬಿಣಾಂಶದ್ದು, ಇನ್ನೊಂದು ಕ್ಯಾಲ್ಸಿಯಂ. ತಾಯಿ ಕಾರ್ಡ್ ಕೇಳಿ ನೋಡಿದೆ. ಹಿಮೋಗ್ಲೋಬಿನ್ 9.6. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಾತ್ರೆ ತಪ್ಪಿಸದೆ ನುಂಗುತ್ತಿದ್ದಾಳೆ, ಆದರೂ ಏರುತ್ತಿಲ್ಲ. ನರ್ಸ್ ಆಗಿರುವ ನನ್ನ ಗೆಳತಿಗೆ ಬಸ್ಸಿನಿಂದಲೇ ಫೋನ್ ಮಾಡಿದೆ. ಅವಳು ಬೈದೇ ಬಿಟ್ಟಳು. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಜೊತೆಗೂ ಹಾಗೇ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ರಾತ್ರಿ ಊಟ ಆದ ಮೇಲೆ ನಿಂಬೆಹಣ್ಣಿನ ನೀರಲ್ಲಿ ಕಬ್ಬಿಣದ್ದು, ಬೆಳಿಗ್ಗೆ ತಿಂಡಿ ಜೊತೆ ಕ್ಯಾಲ್ಸಿಯಂ. ‘ಹೇಳಿದ್ರು ಮೇಡಂ, ಆದ್ರೆ ಕೂತು ನೀರು ಕುಡಿಯೋಕೆ ಟೈಮಿರೋದು ಇಲ್ಲೊಂದೇ’ ಅಂದಳು.

ಕೂತು ನೀರು ಕುಡಿಯುವ ಮಾತೂ ಸುಳ್ಳೇ. ಚೀಲದ ನೀರಿನ ಬಾಟಲಿ ಸಂಜೆ ತನಕ ತುಂಬಿಯೇ ಇತ್ತು. ಬಸ್ಸಿನಲ್ಲಿ ಒಂದು ಗಂಟೆ, ನಡುವೆ ಎಲ್ಲೂ ಇಳಿಯುವ ಹಾಗಿಲ್ಲ. ಕಾಲೇಜಿನಲ್ಲಿ ಹೆಂಗಸರ ಶೌಚಾಲಯ ಕೆಳಗೆ, ನಮ್ಮ ಕ್ಲಾಸು ಎರಡನೇ ಮಹಡಿಯಲ್ಲಿ. ಹಾಗಾಗಿ ಕುಡಿಯುವುದೇ ಇಲ್ಲ. ಉರಿಮೂತ್ರ ಎರಡು ಸಲ ಬಂದಿತ್ತಂತೆ, ಯಾರಿಗೂ ಹೇಳಿಲ್ಲ. ಬಸುರಿಯಲ್ಲಿ ಆ ಸೋಂಕನ್ನು ಹಾಗೇ ಬಿಟ್ಟರೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬರುವ ಅಪಾಯ ಇದೆ. ಈ ಪ್ರಕರಣದಲ್ಲಿ ನನಗೆ ನಿಜವಾಗಿ ಹೆದರಿಕೆ ಆದದ್ದು ಇಲ್ಲಿ. ಹಾಜರಿ ಎಲ್ಲ ಆಮೇಲೆ.

ನಾವು ಒಳಗೆ ಕಾಲಿಟ್ಟಾಗ 10.17. ಅವತ್ತು ನಾನೂ ಲೇಟು. ನನಗೆ ಯಾರೂ ಕೆಂಪು ಗುರುತು ಹಾಕಲಿಲ್ಲ.

ಮೈಕ್ರೋ ಟೀಚಿಂಗ್ ಆರು ನಿಮಿಷ. ಹಾಳೆಯ ಚಕ್ರ ತಿರುಗಿಸಿ ಅರ್ಧ, ಕಾಲು ತೋರಿಸಿದಳು. ಬೋರ್ಡಿನ ಕೆಳಭಾಗ ಬಗ್ಗಿ ಬರೆಯಲು ಆಗದೆ ಮೇಲರ್ಧದಲ್ಲೇ ಎಲ್ಲ ಹೊಂದಿಸಿದಳು. ಪರಿಶೀಲನೆಯ ಹಾಳೆಯಲ್ಲಿ ನಮ್ಮವರೊಬ್ಬರು ‘ಕಪ್ಪುಹಲಗೆಯ ಬಳಕೆ ಅಪೂರ್ಣ’ ಅಂತ ಬರೆದರು. ಅದನ್ನು ಓದಿ ಅವಳು ನಕ್ಕಳು.

ಮಧ್ಯಾಹ್ನದ ಊಟ ಬೆಳಗ್ಗಿನದೇ ದೋಸೆ, ತಣ್ಣಗೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಅಕ್ಟೋಬರ್ 2ರಿಂದ ಇದೆ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅವಳಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಆದರೆ ಅಂಗನವಾಡಿಗೆ ಬಂದು ಕೂತು ಉಣ್ಣಬೇಕು ಅನ್ನುವ ಲೆಕ್ಕದಲ್ಲಿ ಶುರುವಾದ ಯೋಜನೆ ಅದು. ಗುಡ್ಡಕ್ಕೊಂದು ಮನೆ ಇರುವ ನಮ್ಮ ಕಡೆ ಅದು ಮೊದಲಿಂದಲೂ ಕಷ್ಟ. ಓದಲು ಮೂವತ್ತು ಕಿಲೋಮೀಟರ್ ದೂರ ಹೋಗುವ ಬಸುರಿಯಂತೂ ಆ ಲೆಕ್ಕದಲ್ಲೇ ಇಲ್ಲ. ಅಂಗನವಾಡಿಗೆ ಹೋಗಲು ಆಗುವ ಶನಿವಾರ ಒಂದು ದಿನ ಅವಳಿಗೆ ಮೊಟ್ಟೆ.

ಇಷ್ಟು ನೋಡಿದ್ದು. ಮುಂದೆ ಆದದ್ದರಲ್ಲಿ ನನ್ನ ಪಾಲು ಕಡಿಮೆ.

ಹಾಲಿನ ಕ್ಯಾನಿನ ವಿಷಯ ನಾನು ಅತ್ತೆಯ ಹತ್ತಿರ ಎತ್ತಿದೆ. ‘ಎಂತ ಮಾಡೂದು ಟೀಚರಮ್ಮ, ಹಾಲಿನ ದುಡ್ಡಲ್ಲೇ ದಿನಸಿ’ ಅಂದರು. ಪಕ್ಕದ ಮನೆಯ ಹುಡುಗ ಅವರ ಹಾಲನ್ನು ಬೈಕಿನಲ್ಲಿ ಡೇರಿಗೆ ಒಯ್ಯುತ್ತಾನೆ. ಅವನಿಗೆ ಕೊಡಬಹುದಲ್ಲ ಅಂದೆ. ಮಾತು ತಟ್ಟನೆ ನಿಂತಿತು. ಬೇಲಿಯ ಜಗಳ, ಎರಡು ವರ್ಷದಿಂದ ಆ ಮನೆ ಈ ಮನೆ ಹಿರಿಯರಿಗೆ ಮಾತಿಲ್ಲ. ಸೊಸೆಯಂದಿರಿಗೆ ಮಾತ್ರ ಇದೆ, ಯಾಕೆಂದರೆ ಸುಲಿಯಲು ಕೈ ಬೇಕಲ್ಲ. ನಾನು ಸುಮ್ಮನಾದೆ. ವಾರ ಕಳೆದ ಮೇಲೆ ಆ ಮನೆಯ ಸೊಸೆ ಚಪ್ಪರದಲ್ಲಿ ಎಲ್ಲರ ಮುಂದೆ, ಯಾರನ್ನೂ ನೋಡದೆ, ಅಡಿಕೆಗೆ ಹೇಳುವ ಹಾಗೆ ಹೇಳಿದಳಂತೆ: ‘ನಮ್ಮ ಮೈದುನ ಹೆಂಗೂ ಹೋಗ್ತಾನಪ್ಪ. ಕ್ಯಾನು ಸಂಕದ ಹತ್ರ ಇಟ್ರೆ ಸಾಕು, ಯಾರೂ ಯಾರ ಹತ್ರಾನೂ ಮಾತಾಡೂದು ಬ್ಯಾಡ.’ ಮರುದಿನದಿಂದ ಕ್ಯಾನು ಸಂಕದ ಹತ್ತಿರ ಇರುತ್ತದೆ. ಹಿರಿಯರಿಬ್ಬರೂ ಇವತ್ತಿಗೂ ಮಾತಾಡುವುದಿಲ್ಲ.

ಹಾಗಂತ 8.15ರ ಬಸ್ಸು ದಿನಾ ಹಿಡಿಯಲಿಲ್ಲ. ಆ ಬಸ್ಸಿನ ತುಂಬ ಕಾಲೇಜು ಮಕ್ಕಳು, ಕಾಲಿಡಲು ಜಾಗ ಇಲ್ಲ. ಡಿಸೆಂಬರ್ ಹೊತ್ತಿಗೆ ಅವಳ ಪಾದ ಊದಿಕೊಂಡಿತ್ತು. ವಾರಕ್ಕೆ ಮೂರು ದಿನ 8.15, ಉಳಿದ ದಿನ 9.05. ಆ ದಿನಗಳ ಮೊದಲ ಪೀರಿಯಡ್ ನನ್ನದೇ ಆಗುವ ಹಾಗೆ ಟೈಮ್‌ಟೇಬಲ್ ಬದಲಾಯಿಸಿಕೊಂಡೆ. ಕೆಂಪು ಗುರುತಿನ ಬದಲು ಬಂದ ಸಮಯ ಬರೆದೆ. ಇದು ಸಹೋದ್ಯೋಗಿಗಳಿಗೆ ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಎಲ್ಲರಿಗೂ ಹೀಗೇ ಮಾಡ್ತೀರಾ ಅಂತ ಕೇಳಿದರು. ಕೇಳುವ ಪ್ರಶ್ನೆಯೇ. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಕ್ಲಾಸನ್ನು ಕೆಳಗಿನ ಕೋಣೆಗೆ ಇಳಿಸಿದ್ದಕ್ಕೆ ಮಾತ್ರ ಯಾರೂ ತಕರಾರು ಮಾಡಲಿಲ್ಲ, ಎಲ್ಲರ ಮೊಣಕಾಲಿಗೂ ಅದು ಬೇಕಿತ್ತು.

ಮಾತ್ರೆ ರಾತ್ರಿಗೆ ಬದಲಾಯಿತು. ಪ್ರತಿ ತಿಂಗಳು 9ನೇ ತಾರೀಕಿನ ಸುರಕ್ಷಿತ ಮಾತೃತ್ವ ತಪಾಸಣೆಗೆ ಹೋದಾಗ ಉರಿಮೂತ್ರದ ವಿಷಯವನ್ನೂ ಹೇಳಿದಳು, ಪರೀಕ್ಷೆ ಮಾಡಿ ಔಷಧ ಕೊಟ್ಟರು. ಜನವರಿಯಲ್ಲಿ ಹಿಮೋಗ್ಲೋಬಿನ್ 10.7. ಮುಖ, ಕೈ ಊದಿದರೆ, ತಲೆನೋವು ಬಂದು ಕಣ್ಣು ಮಂಜಾದರೆ, ಮಗು ಆಡುವುದು ಕಡಿಮೆ ಆದರೆ ಬಸ್ಸು ಕಾಯಬೇಡ, 108ಕ್ಕೆ ಫೋನ್ ಮಾಡು ಅಂತ ನರ್ಸ್ ಗೆಳತಿ ಅವಳಿಗೂ ಅತ್ತೆಗೂ ಬಿಡಿಸಿ ಹೇಳಿದಳು.

ಉಳಿದದ್ದು ಹೆರಿಗೆಯ ರಜೆ. 2021ರ ಡಿಸೆಂಬರ್ 14ರಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ವಿಶ್ವವಿದ್ಯಾನಿಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಿಯಲ್ಲಿ ರಿಯಾಯಿತಿ ಕೊಡಲು ನಿಯಮ ಮಾಡಿ ಅಂದಿತ್ತು. ನಮ್ಮ ಸ್ಟಾಫ್‌ರೂಮಿನಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. 2023ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಎಂ.ಎಡ್. ವಿದ್ಯಾರ್ಥಿನಿಯ ಅರ್ಜಿಯಲ್ಲಿ, ಅವಳ 59 ದಿನದ ಹೆರಿಗೆ ರಜೆಯನ್ನು ಮತ್ತೆ ಪರಿಶೀಲಿಸಿ ಅಂತ ವಿಶ್ವವಿದ್ಯಾನಿಲಯಕ್ಕೆ ಹೇಳಿತು. ಓದು, ತಾಯ್ತನ ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಒತ್ತಾಯಿಸುವ ಹಾಗಿಲ್ಲ ಅನ್ನುವುದು ಅದರ ತಿರುಳು. ಅಲ್ಲೂ ತಕರಾರು ಇದ್ದದ್ದು ಇದೇ 80 ಪರ್ಸೆಂಟಿನದು. ಎರಡನ್ನೂ ಲಗತ್ತಿಸಿ ಅರ್ಜಿ ಬರೆದೆವು. ಅರ್ಜಿ ಮೇಲೆ ಹೋಯಿತು. ಮೇಲೆಯೇ ಇದೆ.

ಫೆಬ್ರವರಿ ಎರಡನೇ ವಾರ ಹೆಣ್ಣು ಮಗು, 2.8 ಕೆಜಿ. ಏಪ್ರಿಲ್ ಮೊದಲ ವಾರ ಅವಳು ಕಾಲೇಜಿಗೆ ಬಂದಳು. ಲೆಕ್ಕ ಹಾಕಿದರೆ 11 ದಿನ ಕಡಿಮೆ. ಹಾಳೆ ಮುಂದಿಟ್ಟುಕೊಂಡು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ನಿಯಮದ ಪುಸ್ತಕ ತಿರುವಿದೆ. ಸೇರಿದ ದಿನದಿಂದ ಮೂರು ವರ್ಷದೊಳಗೆ ಕೋರ್ಸು ಮುಗಿಸಬಹುದು ಅಂತ ಅಲ್ಲೇ ಇತ್ತು. ಈ ವರ್ಷ ಮುಗಿಸಲು ಆಗದಿದ್ದರೂ ಕೋರ್ಸು ಮುಗಿಸಲು ಇನ್ನೊಂದು ವರ್ಷ ಇದೆ. ಅವಳಿಗೆ ಓದಿ ಹೇಳಿದೆ.

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಇದು ಮೊದ್ಲೇ ಇತ್ತಾ ಮೇಡಂ?’

‘2014ರಿಂದ ಇದೆ.’

‘ಗೊತ್ತಿದ್ದಿದ್ರೆ ನಾನು ಆ ದಿನ ಅಷ್ಟು ಓಡ್ತಿರ್ಲಿಲ್ಲ’ ಅಂದಳು. ಗಡಿಯಾರ ನೋಡಿದಳು. ಸಂಜೆಯ ಬಸ್ಸಿಗೆ ಇಪ್ಪತ್ತು ನಿಮಿಷ ಇತ್ತು. ಎದೆಹಾಲು ಕಟ್ಟಿ ರವಿಕೆ ಒದ್ದೆಯಾಗಿತ್ತು. ಸೆರಗು ಸರಿಮಾಡಿಕೊಂಡು, ನಿಯಮದ ಆ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೊರಟಳು.